ಕೆರೆಯಂಗಳದ ಹಗೇವು: ಮೃದ್ವಂಗಿಗಳಲ್ಲಿ ಶಕ್ತಿಯ ಸಂಚಯವೂ ವಿನಿಯೋಗವೂ

ಇತಿಹಾಸವನ್ನು ಬೋಧಿಸುವವರು ಪ್ರಾಣಿಶಾಸ್ತ್ರದ ವಿಷಯವೊಂದನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಮ್ಮನ್ನು ಈ ವಿಷಯದ ಕಡೆಗೆ ಕರೆದೊಯ್ದುದು ಶಾಸನಗಳ ಅನ್ವೇಷಣೆಯೇ. ಕೆಲವು ಬೇಸಗೆಗಳಿಂದ ನಾವು ವಿದ್ಯಾರ್ಥಿಗಳೊಡನೆ ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಕೆರೆಯ ಏರಿಗಳ ಮೇಲೂ ತೂಬುಗಳ ಬಳಿಯೂ ನಿಂತಿರುವ ಶಾಸನಗಳನ್ನೂ ವೀರಗಲ್ಲುಗಳನ್ನೂ ನೋಡಿಕೊಂಡು ಬರುತ್ತಿದ್ದೇವೆ. ಬೇಸಗೆಯಲ್ಲಿ ಕೆರೆಗಳು ಬತ್ತಿರುವುದರಿಂದ, ಉಳಿದ ಕಾಲದಲ್ಲಿ ನೀರಿನಲ್ಲಿ ಮುಳುಗಿರುವ ಕಲ್ಲುಗಳನ್ನು ಓದುವುದಕ್ಕೆ ಅದೇ ಅನುಕೂಲವಾದ ಕಾಲ.

ಇಂಥ ಒಂದು ಕೆರೆಯಂಗಳದಲ್ಲಿ ಹೂಳೆತ್ತುವುದಕ್ಕಾಗಿ ಆಗತಾನೆ ಅಗೆದಿದ್ದ ಗುಂಡಿಯೊಂದನ್ನು ಕಂಡೆವು. ಅದರ ಗೋಡೆಯಲ್ಲಿ, ಬಿರುಕುಬಿಟ್ಟ ನೆಲದಿಂದ ಸ್ವಲ್ಪ ಕೆಳಗೆ, ದುಂಡನೆಯ ಬಸವನಹುಳುಗಳ ಚಿಪ್ಪುಗಳೂ ಅವುಗಳ ನಡುನಡುವೆ ಉದ್ದನೆಯ ಕಪ್ಪೆಚಿಪ್ಪುಗಳೂ ಒಂದು ಸಾಲಾಗಿ ಹುದುಗಿದ್ದವು. ಪದರಗಳನ್ನು ಗುರುತಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸುವ ಉದ್ದೇಶದಿಂದ ಆ ಗೋಡೆಯ ನಕ್ಷೆಯನ್ನು ಬರೆಸಿದೆವು. ಅವರು ಚಿಪ್ಪುಗಳ ಸಾಲಿಗೆ 'ಹಿಂದೆ ನೀರು ನಿಂತಿದ್ದ ಕಾಲದ ಮೃತ ಜೀವಿಗಳ ಪದರ' ಎಂದು ಹೆಸರಿಟ್ಟರು. ನಾವೂ ಅದನ್ನು ಒಪ್ಪಿ ಸಹಿ ಮಾಡಿದೆವು. ಮಾದರಿಗೆಂದು ತಂದ ಮೂರು ಬಸವನಹುಳುಗಳನ್ನು ಮಣ್ಣು ತೊಳೆಯಲೆಂದು ಸಂಜೆ ಬೋಗುಣಿಯ ನೀರಿನಲ್ಲಿ ಹಾಕಿಟ್ಟಿದ್ದೆವು. ಬೆಳಗಾಗುವ ವೇಳೆಗೆ ಅವುಗಳಲ್ಲಿ ಎರಡು ಬಾಯಿಯ ಮುಚ್ಚಳವನ್ನು ತೆರೆದು, ಮೀಸೆಗಳನ್ನು ಚಾಚಿ, ಬೋಗುಣಿಯ ಅಂಚನ್ನು ಏರುತ್ತಿದ್ದವು. ನಾವು ಸಹಿ ಮಾಡಿದ ನಕ್ಷೆ ತಪ್ಪಾಗಿತ್ತು. ನಾವು ಕಂಡದ್ದು ಮೃತರ ಪದರವಾಗಿರಲಿಲ್ಲ; ಮಳೆಗಾಗಿ ಕಾದು ಮಲಗಿದ್ದ ಜೀವಿಗಳ ಸಾಲಾಗಿತ್ತು.

ತಿಂಗಳುಗಟ್ಟಲೆ ಆಹಾರವಿಲ್ಲದೆ, ನೀರಿಲ್ಲದೆ, ಬಹುಮಟ್ಟಿಗೆ ಗಾಳಿಯೂ ಇಲ್ಲದೆ ಈ ಜೀವಿಗಳು ಬದುಕುವುದು ಹೇಗೆ? ಅವುಗಳ ಒಳಗೆ ಕೂಡಿಟ್ಟ ಶಕ್ತಿ ಯಾವ ರೂಪದಲ್ಲಿರುತ್ತದೆ? ಅದು ಯಾವ ಕ್ರಮದಲ್ಲಿ ವೆಚ್ಚವಾಗುತ್ತದೆ? ಈ ಪ್ರಶ್ನೆಗಳಿಗೆ ವಿಜ್ಞಾನವು ಕೊಟ್ಟಿರುವ ಉತ್ತರಗಳನ್ನು, ವಿಜ್ಞಾನದ ಪರಿಚಯವಿಲ್ಲದ ವಿದ್ಯಾರ್ಥಿಗಳಿಗೂ ತಿಳಿಯುವಂತೆ, ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

1. ನಾಡಿನ ಸ್ವರೂಪ

ಬಾಬಾಬುಡನ್‌ಗಿರಿ ಶ್ರೇಣಿಯಿಂದ ಪೂರ್ವಕ್ಕೆ ಸರಿದಂತೆಲ್ಲ ಮಳೆ ಶೀಘ್ರವಾಗಿ ಕಡಿಮೆಯಾಗುತ್ತದೆ. ಭದ್ರಾ ಜಲಾಶಯವಿರುವ ಲಕ್ಕವಳ್ಳಿಯ ಕಡೆ ತರೀಕೆರೆಯ ಸೀಮೆ ಮಲೆನಾಡನ್ನು ಮುಟ್ಟುತ್ತದೆ. ಕಡೂರು ಬಯಲುಸೀಮೆಯ ಬರಪೀಡಿತ ಪ್ರದೇಶ. ಮೊದಲು ತರೀಕೆರೆಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರವೂ ಬಹುಪಾಲು ಬಯಲೇ. ಬೆಟ್ಟದಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದಕೆರೆಯನ್ನೂ ತುಂಬಿ, ಮುಂದೆ ಕಡೂರಿನ ಬಳಿ ಒಂದಾಗಿ ವೇದಾವತಿ ಎನಿಸಿಕೊಳ್ಳುತ್ತವೆ. ಇಂಥ ದೊಡ್ಡ ಕೆರೆಗಳನ್ನು ಬಿಟ್ಟರೆ ಊರೂರಿನ ಸಣ್ಣ ಕೆರೆಗಳು ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವಂಥವು.

ಇಂಥ ನಾಡಿನಲ್ಲಿ ಬಾಳುವವರಿಗೆ ಕೂಡಿಡುವುದೇ ಬಾಳಿನ ಮೊದಲ ಪಾಠ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರ ಬಂದ ವರ್ಷ ಅದು ಕೈಹಿಡಿಯುತ್ತಿತ್ತು. ಅಜ್ಜಂಪುರದಲ್ಲಿ ಇಂದಿಗೂ ತಳಿಸಂವರ್ಧನ ಕೇಂದ್ರವನ್ನುಳ್ಳ ಅಮೃತಮಹಲ್ ರಾಸುಗಳ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಹಿಂದೆ ವಿಂಗಡಿಸಿದ್ದರು. ನೆರಳೂ ಕೆರೆಯಂಗಳದ ಹುಲ್ಲೂ ಇರುವಂಥ ಕಾವಲುಗಳು ಬೇಸಗೆಗೆ ಮೀಸಲು. ಸಮೃದ್ಧಿಯ ಕಾಲದಲ್ಲಿ ಮುಟ್ಟದೆ ಬಿಟ್ಟದ್ದನ್ನು ಕೊರತೆಯ ಕಾಲದಲ್ಲಿ ಬಳಸುವುದು ಈ ಎರಡು ವ್ಯವಸ್ಥೆಗಳಿಗೂ ಮೂಲವಾದ ತತ್ತ್ವ. ಮನುಷ್ಯರು ಹಗೇವು ತೋಡುವುದಕ್ಕಿಂತ ಎಷ್ಟೋ ಮುಂಚಿನಿಂದ ಕೆರೆ ಕುಂಟೆಗಳ ಮೃದ್ವಂಗಿಗಳು ಇದೇ ತತ್ತ್ವವನ್ನು ಅನುಸರಿಸುತ್ತ ಬಂದಿವೆ.

2. ಮೃದ್ವಂಗಿಗಳ ಮೂರು ಮನೆತನಗಳು

ಮೂಳೆಯಿಲ್ಲದ ಮೆತ್ತನೆಯ ಮೈಯುಳ್ಳ ಈ ಪ್ರಾಣಿವರ್ಗದಲ್ಲಿ ನಮಗೆ ಬೇಕಾದವು ಮೂರು ಮನೆತನಗಳು. ಹೊಟ್ಟೆಯ ಭಾಗವನ್ನೇ ಪಾದವಾಗಿಸಿಕೊಂಡು ತೆವಳುವ ಬಸವನಹುಳು, ಶಂಖ, ಕವಡೆಗಳು ಉದರಪಾದಿಗಳು. ಎರಡು ಕದಗಳಂತೆ ತೆರೆದು ಮುಚ್ಚುವ ಚಿಪ್ಪುಳ್ಳ ಕಪ್ಪೆಚಿಪ್ಪು, ಕರಾವಳಿಯ ಮರುವಾಯಿ ಮೊದಲಾದವು ದ್ವಿಪುಟಿಗಳು. ತಲೆಯ ಸುತ್ತಲೇ ತೋಳುಗಳುಳ್ಳ ಅಷ್ಟಪದಿ, ಮಂಗಳೂರಿನ ಕಡೆಯವರು ಬೊಂಡಾಸ್ ಎಂದು ಕರೆಯುವ ಪ್ರಾಣಿ, ಇವು ಶಿರಪಾದಿಗಳು. ಶಿರಪಾದಿಗಳೆಲ್ಲವೂ ಕಡಲವಾಸಿಗಳು, ನಮ್ಮ ಕೆರೆಗಳಲ್ಲಿ ಅವು ಇಲ್ಲ. ಆದರೂ ಕಡೂರು ತರೀಕೆರೆಗಳಂಥ ಊರುಗಳ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನವನ್ನು ಕೊಂಡವರು ಶಿರಪಾದಿಯೊಂದರ ಒಡಲಿನ ಭಾಗವನ್ನೇ ಕೊಂಡಿರುತ್ತಾರೆ. ಈ ಮಾತಿಗೆ ಮುಂದೆ ಬರೋಣ.

ಬೋಗುಣಿಯಲ್ಲಿ ಎಚ್ಚೆತ್ತ ನಮ್ಮ ಬಸವನಹುಳು ಪ್ರಾಣಿಶಾಸ್ತ್ರಜ್ಞರು ಪೈಲಾ ಎಂದು ಕರೆಯುವ ಕುಲಕ್ಕೆ ಸೇರಿದುದು. 1932ರಲ್ಲಿ ಬೇನಿ ಪ್ರಸಾದರು ಇದನ್ನು ಕುರಿತು ಬರೆದ ಗ್ರಂಥ ಭಾರತದ ಕಾಲೇಜುಗಳಲ್ಲಿ ಅನೇಕ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪರಿಚಿತವಾಗಿತ್ತು. ಈ ಪ್ರಾಣಿಗೆ ನೀರಿನಲ್ಲಿ ಉಸಿರಾಡಲು ಕಿವಿರೂ ಗಾಳಿಯಲ್ಲಿ ಉಸಿರಾಡಲು ಶ್ವಾಸಚೀಲವೂ ಉಂಟು. ಪಾದದ ಹಿಂಭಾಗದಲ್ಲಿ ಗಟ್ಟಿಯಾದ ಮುಚ್ಚಳವೊಂದಿದ್ದು, ಮೈಯನ್ನು ಒಳಕ್ಕೆ ಎಳೆದುಕೊಂಡಾಗ ಅದು ಚಿಪ್ಪಿನ ಬಾಯಿಗೆ ಸರಿಯಾಗಿ ಕೂಡುತ್ತದೆ. ಕೆರೆ ಬತ್ತಿದಾಗ ಕೆಸರಿನಲ್ಲಿ ಹುದುಗಿ, ಮುಚ್ಚಳವನ್ನು ಬಿಗಿದು ಅದು ಮಲಗುತ್ತದೆ. ಇದಕ್ಕೆ ಗ್ರೀಷ್ಮನಿದ್ರೆಯೆಂದು ಹೆಸರು.

3. ಗದ್ಯಾಣ ಮತ್ತು ವೀಸ

ಶಕ್ತಿಯ ಲೆಕ್ಕವನ್ನು ಅರಿಯುವುದಕ್ಕೆ ನಮ್ಮ ಶಾಸನಗಳಲ್ಲಿ ಬರುವ ನಾಣ್ಯಗಳನ್ನು ನೆನೆದರೆ ಅನುಕೂಲ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದ ಕಾಲದಲ್ಲಿ ಗದ್ಯಾಣ, ಪಣ, ಹಾಗ, ವೀಸ ಎಂಬ ಮಾನಗಳು ರೂಢಿಯಲ್ಲಿದ್ದವು. ಹೊನ್ನಿನ ಗದ್ಯಾಣವನ್ನು ಕೊಟ್ಟು ಒಂದು ಹಿಡಿ ಸೊಪ್ಪನ್ನು ಕೊಳ್ಳಲಾಗುವುದಿಲ್ಲ. ಅದನ್ನು ಸಣ್ಣ ನಾಣ್ಯವಾಗಿ ಒಡೆಯಬೇಕು.

ಜೀವಕೋಶದಲ್ಲಿ ಎಲ್ಲ ಕೆಲಸಕ್ಕೂ ಸಲ್ಲುವ ಸಣ್ಣ ನಾಣ್ಯವೆಂದರೆ ಎ.ಟಿ.ಪಿ. ಎಂಬ ವಸ್ತು. ಕಾರ್ಲ್ ಲೋಮನ್ ಇದನ್ನು 1929ರಲ್ಲಿ ಕಂಡುಹಿಡಿದನು. ಸ್ನಾಯು ಕುಗ್ಗುವುದಕ್ಕೂ ಹೃದಯ ಬಡಿಯುವುದಕ್ಕೂ ಇದೇ ಬೇಕು. ಆದರೆ ಇದನ್ನು ಹೆಚ್ಚಾಗಿ ಕೂಡಿಡಲು ಬರುವುದಿಲ್ಲ. ಆಗಾಗ ತಯಾರಾಗಿ ಆಗಾಗ ವೆಚ್ಚವಾಗಬೇಕು. ಇದಕ್ಕೆ ಹಿಂದೆ ನಿಂತಿರುವ ಗದ್ಯಾಣಗಳು ಮೂರು: ಶರ್ಕರದ ಅಣುಗಳನ್ನು ಸಾವಿರಗಟ್ಟಲೆ ಕೂಡಿಸಿ ಕಟ್ಟಿದ ಗ್ಲೈಕೊಜೆನ್, ಕೊಬ್ಬು ಮತ್ತು ಪ್ರೋಟೀನು. ಇವುಗಳಲ್ಲಿ ಗ್ಲೈಕೊಜೆನ್ ಅನ್ನು 1857ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡನು ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದನು.

ಗದ್ಯಾಣಕ್ಕೂ ವೀಸಕ್ಕೂ ನಡುವೆ ಸೊಂಟದ ಸಂಚಿಯಲ್ಲಿಟ್ಟುಕೊಂಡ ಚಿಲ್ಲರೆಯಂಥ ಇನ್ನೊಂದು ವಸ್ತುವೂ ಉಂಟು. ಮನುಷ್ಯನ ಸ್ನಾಯುವಿನಲ್ಲಿ ಅದು ಕ್ರಿಯಾಟಿನ್ ಫಾಸ್ಫೇಟು. ಮೃದ್ವಂಗಿಗಳಲ್ಲಿ ಅರ್ಜಿನಿನ್ ಫಾಸ್ಫೇಟು. ತಟ್ಟನೆ ಓಡಬೇಕಾದಾಗ, ಹಗೇವನ್ನು ತೆರೆಯುವಷ್ಟು ಸಮಯವಿಲ್ಲದಾಗ, ಕೈಗೆ ಬರುವುದು ಈ ಸಂಚಿಯೇ.

4. ಗ್ಲೈಕೊಜೆನ್ನೇ ಏಕೆ?

ತೂಕಕ್ಕೆ ತೂಕ ನೋಡಿದರೆ ಕೊಬ್ಬು ಅತ್ಯಂತ ಲಾಭದಾಯಕವಾದ ಸಂಗ್ರಹ. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಶರ್ಕರಪಿಷ್ಟದಿಂದ ಸುಮಾರು 4 ಮಾತ್ರ ದೊರೆಯುತ್ತದೆ. ದೂರದೇಶಕ್ಕೆ ಹಾರುವ ಹಕ್ಕಿ ಕೊಬ್ಬನ್ನು ಕೂಡಿಡುವುದು ಇದರಿಂದಲೇ, ಹೊರೆ ಹಗುರವಾಗಬೇಕು. ಹೀಗಿರುವಾಗ ಕಪ್ಪೆಚಿಪ್ಪೂ ಬಸವನಹುಳುವೂ ಮುಖ್ಯವಾಗಿ ಗ್ಲೈಕೊಜೆನ್ ಅನ್ನೇ ನೆಚ್ಚಿಕೊಂಡಿರುವುದು ಆಶ್ಚರ್ಯವೆನಿಸಬಹುದು.

ಕಾರಣ ಎರಡು. ಮೊದಲನೆಯದಾಗಿ, ಕೆಸರಿನಲ್ಲಿ ಮಲಗುವ ಪ್ರಾಣಿಗೆ ಹೊರೆಯ ಚಿಂತೆಯಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದುದು: ಕೊಬ್ಬನ್ನು ಉರಿಸಲು ಆಮ್ಲಜನಕ ಬೇಕೇ ಬೇಕು. ಗ್ಲೈಕೊಜೆನ್ನಿನ ಗುಣ ಬೇರೆ. ಆಮ್ಲಜನಕವಿಲ್ಲದಿದ್ದರೂ ಅದನ್ನು ಒಡೆದು ಸ್ವಲ್ಪಮಟ್ಟಿನ ಶಕ್ತಿಯನ್ನು ಪಡೆಯಬಹುದು. ಬಾಯಿ ಬಿಗಿದುಕೊಂಡು ಗಾಳಿಯಿಲ್ಲದೆಡೆ ಮಲಗುವ ಜೀವಿಗೆ ಕೊಬ್ಬು ಬೀಗದ ಕೈಯಿಲ್ಲದ ಪೆಟ್ಟಿಗೆಯಂತೆ. ಒಳಗೆ ಎಷ್ಟಿದ್ದರೂ ತೆಗೆಯಲಾಗದು.

ಇಲ್ಲಿ ಹಗೇವಿನ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ. ಮುಚ್ಚಿದ ಹಗೇವನ್ನು ತೆರೆದ ಕೂಡಲೆ ಒಳಗಿಳಿಯಬಾರದೆಂಬುದು ಹಳ್ಳಿಯ ಹಿರಿಯರ ಎಚ್ಚರಿಕೆ. ಧಾನ್ಯವೂ ಜೀವವಿರುವ ವಸ್ತು. ಅದು ಉಸಿರಾಡಿ ಒಳಗಿನ ಆಮ್ಲಜನಕವನ್ನು ಕಳೆದು ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತದೆ. ಅವಸರದಿಂದ ಇಳಿದವರು ಉಸಿರುಕಟ್ಟಿ ಸಾಯುವುದುಂಟು. ಮುಚ್ಚಳ ಬಿಗಿದ ಬಸವನಹುಳುವಿನ ಒಳಗೂ ಬಿಗಿಯಾಗಿ ಕದವಿಕ್ಕಿದ ಕಪ್ಪೆಚಿಪ್ಪಿನ ಒಳಗೂ ಇಂಥದೇ ಸ್ಥಿತಿ ಉಂಟಾಗುತ್ತದೆ. ಅಲ್ಲಿ ಬಾಳುವುದಕ್ಕೆ ತಕ್ಕ ರಸಾಯನಕ್ರಮವನ್ನು ಅವು ಪಡೆದಿವೆ.

5. ಉಸಿರಿಲ್ಲದ ಕಾಲದ ಜೀವನ

ಆಮ್ಲಜನಕವಿದ್ದಾಗ ಗ್ಲೂಕೋಸಿನ ಒಂದು ಅಣುವಿನಿಂದ ಸುಮಾರು 30 ಎ.ಟಿ.ಪಿ. ಅಣುಗಳು ದೊರೆಯುತ್ತವೆ. ಅದಿಲ್ಲದಾಗ, ನಮ್ಮ ಸ್ನಾಯುಗಳಲ್ಲಿ ನಡೆಯುವಂತೆ ಗ್ಲೂಕೋಸು ಲ್ಯಾಕ್ಟಿಕ್ ಆಮ್ಲವಾಗಿ ಮುಗಿದರೆ, ದೊರೆಯುವುದು 2 ಮಾತ್ರ. ಗದ್ಯಾಣವನ್ನು ಒಡೆಯಿಸಹೋಗಿ ಹದಿನೈದನೆಯ ಒಂದು ಪಾಲನ್ನು ಮಾತ್ರ ಪಡೆದಂತಾಯಿತು. ಈ ನಷ್ಟದಲ್ಲಿ ತಿಂಗಳುಗಟ್ಟಲೆ ಬದುಕುವುದು ಕಷ್ಟ. ಇದಕ್ಕೆ ಮೃದ್ವಂಗಿಗಳು ಕಂಡುಕೊಂಡಿರುವ ಉಪಾಯಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ವೆಚ್ಚದ ಕಡಿತ. ಗ್ರೀಷ್ಮನಿದ್ರೆಯಲ್ಲಿರುವ ಪ್ರಾಣಿ ತೆವಳುವುದಿಲ್ಲ, ಮೇಯುವುದಿಲ್ಲ, ಬೆಳೆಯುವುದಿಲ್ಲ; ಹೃದಯದ ಬಡಿತವೂ ನಿಧಾನವಾಗುತ್ತದೆ. ಆದಾಯವನ್ನು ಹೆಚ್ಚಿಸಲಾರದ ಸಂಸಾರ ವೆಚ್ಚವನ್ನು ತಗ್ಗಿಸಿ ಬರವನ್ನು ದಾಟುವ ರೀತಿ ಇದು. ಕೂಡಿಟ್ಟದ್ದು ಅಲ್ಪವಾದರೂ ಬಹುಕಾಲ ಸಾಕಾಗುವುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯದು ಒಡೆಯುವ ಮಾರ್ಗದ ಬದಲಾವಣೆ. ಕದವಿಕ್ಕಿಕೊಂಡ ದ್ವಿಪುಟಿಗಳಲ್ಲಿ ಗ್ಲೈಕೊಜೆನ್ ಬಹುಪಾಲು ಲ್ಯಾಕ್ಟಿಕ್ ಆಮ್ಲದಲ್ಲಿ ಮುಗಿಯದೆ ಸಕ್ಸಿನಿಕ್ ಆಮ್ಲ, ಪ್ರೊಪಿಯೋನಿಕ್ ಆಮ್ಲ ಮೊದಲಾದವುಗಳವರೆಗೆ ಸಾಗುತ್ತದೆ. ಈ ದೀರ್ಘಮಾರ್ಗದಲ್ಲಿ ಕೆಲಸ ನಿಧಾನ; ಆದರೆ ಅದೇ ಗ್ಲೂಕೋಸಿನಿಂದ ಎರಡರಷ್ಟು ಅಥವಾ ಅದಕ್ಕೂ ಮಿಗಿಲಾದ ಎ.ಟಿ.ಪಿ. ಲಭಿಸುತ್ತದೆ. ಅವಸರವಿಲ್ಲದ ಜೀವಿಗೆ ಇದು ಲಾಭ.

ಮೂರನೆಯದು ಆಮ್ಲದ ಪರಿಹಾರ. ಆಮ್ಲಗಳು ಒಳಗೆ ಕೂಡುತ್ತ ಹೋದರೆ ಮೈಯ ರಸ ಹುಳಿಯಾಗಿ ಪ್ರಾಣಕ್ಕೆ ಅಪಾಯ. ಆದರೆ ಈ ಪ್ರಾಣಿ ಸುಣ್ಣದ ಗೋಡೆಯ ಮನೆಯಲ್ಲೇ ವಾಸಿಸುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದುದು. ಅದನ್ನು ಸುಟ್ಟು ಎಲೆಯಡಿಕೆಯ ಸುಣ್ಣ ಮಾಡುವುದನ್ನು ಎಲ್ಲರೂ ಬಲ್ಲರು. ಆಮ್ಲ ಹೆಚ್ಚಿದಾಗ ಚಿಪ್ಪಿನ ಒಳಮೈ ಅತ್ಯಲ್ಪವಾಗಿ ಕರಗಿ ಆ ಹುಳಿಯನ್ನು ಶಮನಗೊಳಿಸುತ್ತದೆ. ದ್ಯುಗಾಲ್ ಎಂಬ ವಿದ್ವಾಂಸರು 1939ರಲ್ಲಿ ಕಡಲ ದ್ವಿಪುಟಿಯೊಂದರಲ್ಲಿ ಇದನ್ನು ತೋರಿಸಿದರು. ಶತ್ರುವನ್ನು ತಡೆಯುವ ಕೋಟೆಯೇ ಔಷಧದ ಉಗ್ರಾಣವೂ ಆಗಿರುವುದು ಇಲ್ಲಿನ ವಿಶೇಷ.

ನಾಲ್ಕನೆಯದು ಕಸದ ವಿಲೇವಾರಿ. ಗ್ಲೈಕೊಜೆನ್ ಮುಗಿಯುತ್ತ ಬಂದಾಗ ಪ್ರಾಣಿ ತನ್ನ ಪ್ರೋಟೀನನ್ನೂ ಸ್ವಲ್ಪ ಸ್ವಲ್ಪವಾಗಿ ಒಡೆಯಬೇಕಾಗುತ್ತದೆ. ಅದರಿಂದ ಹುಟ್ಟುವ ಅಮೋನಿಯ ವಿಷ; ನೀರಿನಲ್ಲಿದ್ದಾಗ ಅದನ್ನು ಹೊರಕ್ಕೆ ತೊಳೆದುಬಿಡಬಹುದು, ಒಣಗಿದ ಮಣ್ಣಿನಲ್ಲಿ ಸಾಧ್ಯವಿಲ್ಲ. ಆದುದರಿಂದ ಪೈಲಾ ಅದನ್ನು ಹೆಚ್ಚು ಅಪಾಯವಿಲ್ಲದ, ನೀರಿನಲ್ಲಿ ಸುಲಭವಾಗಿ ಕರಗದ ಯೂರಿಕ್ ಆಮ್ಲವಾಗಿ ಮಾರ್ಪಡಿಸಿ ಒಳಗೇ ಇಟ್ಟುಕೊಳ್ಳುತ್ತದೆ. ಲಾಲ್ ಮತ್ತು ಸಕ್ಸೇನಾ ಅವರು 1952ರಲ್ಲಿ ಪೈಲಾದ ಈ ಗುಣವನ್ನು ಕುರಿತು ಬರೆದರು. 1964ರಲ್ಲಿ ವಿ. ಆರ್. ಮೀನಾಕ್ಷಿ ಅವರು ಭಾರತದ ಪೈಲಾದ ಗ್ರೀಷ್ಮನಿದ್ರೆಯನ್ನು ಸಹಜ ಪರಿಸರದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿದರು. ನಮ್ಮ ಕೆರೆಗಳ ಈ ಸಾಮಾನ್ಯ ಹುಳುವಿಗೆ ವಿಜ್ಞಾನದಲ್ಲಿ ದೊರೆತಿರುವ ಸ್ಥಾನವನ್ನು ಇದರಿಂದ ತಿಳಿಯಬಹುದು.

ಇಂಥ ಮಿತವ್ಯಯ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಹೊರದೇಶದ ಒಂದು ನಿದರ್ಶನ ಪ್ರಸಿದ್ಧವಾಗಿದೆ. 1846ರ ಮಾರ್ಚಿ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನವರು ಈಜಿಪ್ಟಿನ ಮರುಭೂಮಿಯ ಬಸವನಹುಳುವೊಂದನ್ನು ಬರಿಯ ಚಿಪ್ಪೆಂದು ಭಾವಿಸಿ ರಟ್ಟಿಗೆ ಅಂಟಿಸಿದರು. 1850ರ ಮಾರ್ಚಿಯಲ್ಲಿ ಸಂದೇಹ ಬಂದು ಉಗುರುಬೆಚ್ಚನೆಯ ನೀರಿನಲ್ಲಿ ಇಟ್ಟಾಗ ಅದು ಎಚ್ಚೆತ್ತು ತೆವಳಿತು. ನಾಲ್ಕು ವರ್ಷಕಾಲ ಅದು ಹೆಸರಿನ ಚೀಟಿಯ ಪಕ್ಕದಲ್ಲಿ ಜೀವದಿಂದಲೇ ಇದ್ದಿತು. ಆ ಪ್ರಾಣಿ ನೆಲದ ಮೇಲಿನದು, ಗಾಳಿಯನ್ನು ಸ್ವಲ್ಪ ಸ್ವಲ್ಪ ಸೇದಿಕೊಳ್ಳಬಲ್ಲದು. ಕೆರೆಯ ಪೈಲಾಕ್ಕೆ ಇದೇ ಲೆಕ್ಕವನ್ನು ಹಾಕಲಾಗದು. ಆದರೆ ನಾವು ಮಾಡಿದ ತಪ್ಪನ್ನು ದೊಡ್ಡವರೂ ಮಾಡಿದ್ದರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಮಾಧಾನವನ್ನು ಕೊಟ್ಟಿತು.

6. ಅಗಣಿಯಂಥ ಸ್ನಾಯು

ಕಪ್ಪೆಚಿಪ್ಪಿಗೆ ಮುಚ್ಚಳವಿಲ್ಲ, ಎರಡು ಕದಗಳನ್ನು ಸ್ನಾಯುಗಳಿಂದಲೇ ಹಿಡಿದಿರಬೇಕು. ಚಿಪ್ಪಿನ ಬೆನ್ನಿನಲ್ಲಿರುವ ಕಟ್ಟು ಸ್ಪ್ರಿಂಗಿನಂತೆ ಅವುಗಳನ್ನು ಸದಾ ತೆರೆಯಲೆಳಸುತ್ತದೆ. ಮುಷ್ಟಿಯನ್ನು ಹತ್ತು ನಿಮಿಷ ಬಿಗಿಹಿಡಿದರೆ ನಮ್ಮ ಕೈ ಸೋಲುತ್ತದೆ. ಹಾಗಾದರೆ ಈ ಬಡಜೀವಿ ದಿನಗಟ್ಟಲೆ ಕದವನ್ನು ಬಿಗಿಹಿಡಿಯುವುದು ಹೇಗೆ?

ದ್ವಿಪುಟಿಗಳ ಕದಮುಚ್ಚುವ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆಯವು ತಟ್ಟನೆ ಕುಗ್ಗಿ ಕದವನ್ನು ಮುಚ್ಚುತ್ತವೆ. ಇನ್ನೊಂದು ಬಗೆಯವು ಕುಗ್ಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡು ನಿಲ್ಲುತ್ತವೆ. ಆಮೇಲೆ ಆ ಬಿಗಿಯನ್ನು ಕಾಪಾಡಲು ಶಕ್ತಿಯ ವೆಚ್ಚ ಅತ್ಯಲ್ಪ. ಬಾಗಿಲನ್ನು ಒಬ್ಬಾಳು ಭುಜಕೊಟ್ಟು ಒತ್ತಿ ಹಿಡಿಯುವುದಕ್ಕೂ ಒಮ್ಮೆ ಮುಚ್ಚಿ ಅಗಣಿ ಹಾಕುವುದಕ್ಕೂ ಇರುವ ಅಂತರವೇ ಇಲ್ಲಿಯದು. ಈ ಅಗಣಿಯನ್ನು ತೆಗೆಯಲು ನರದಿಂದ ಬೇರೆಯೇ ಒಂದು ಸೂಚನೆ ಬರಬೇಕು. ಕೂಡಿಟ್ಟ ಗ್ಲೈಕೊಜೆನ್ನಿನ ಮೇಲೆ ಬೀಳಬಹುದಾಗಿದ್ದ ಅತ್ಯಂತ ದೊಡ್ಡ ವೆಚ್ಚ ಹೀಗೆ ಉಳಿಯುತ್ತದೆ.

7. ಕಡಲಿನ ದುಂದುಗಾರರು

ಈಗ ಶಿರಪಾದಿಗಳತ್ತ ತಿರುಗೋಣ. ಬಸವನಹುಳುವಿನ ದಾಯಾದಿಗಳಾದ ಇವುಗಳ ಜೀವನಕ್ರಮ ಅದಕ್ಕೆ ತೀರ ವಿರುದ್ಧವಾದುದು. ಬೊಂಡಾಸ್ ತನ್ನ ಮೈಚೀಲದಲ್ಲಿ ನೀರನ್ನು ತುಂಬಿ, ಸ್ನಾಯುಗಳಿಂದ ಹಿಸುಕಿ, ಕೊಳವೆಯಂಥ ರಂಧ್ರದಿಂದ ಚಿಮ್ಮಿಸಿ, ಅದರ ಎದುರುದಿಕ್ಕಿಗೆ ನೂಕಲ್ಪಡುತ್ತದೆ. ಈ ಚಲನೆ ವೇಗವಾದದ್ದಾದರೂ ದುಬಾರಿ. ಅಷ್ಟೇ ಗಾತ್ರದ ಮೀನು ಬಾಲವನ್ನು ಬೀಸಿ ಅದೇ ದೂರವನ್ನು ಬಹಳ ಕಡಿಮೆ ಶಕ್ತಿಯಿಂದ ಕ್ರಮಿಸುತ್ತದೆ.

ಇಂಥ ವೆಚ್ಚದ ಪ್ರಾಣಿ ದೊಡ್ಡ ಉಗ್ರಾಣವನ್ನು ಇಟ್ಟುಕೊಂಡಿರಬಹುದೆಂದು ನಾವು ಊಹಿಸುವುದು ಸಹಜ. ವಾಸ್ತವವಾಗಿ ಅದರ ಮೈಯಲ್ಲಿ ಗ್ಲೈಕೊಜೆನ್ನೂ ಕಡಿಮೆ, ಕೊಬ್ಬೂ ಕಡಿಮೆ. ಬಹುಪಾಲು ಸ್ನಾಯುವಿನ ಪ್ರೋಟೀನೇ. ಮೀನು, ಸಿಗಡಿ, ಏಡಿಗಳನ್ನು ಹಿಡಿದು ತಿಂದು, ಆ ಪ್ರೋಟೀನಿನ ಒಂದು ಭಾಗದಿಂದ ಮೈಯನ್ನು ಬೆಳೆಸಿ, ಇನ್ನೊಂದು ಭಾಗವನ್ನೇ ಇಂಧನವಾಗಿ ಉರಿಸುತ್ತದೆ. ಅದರಿಂದ ಹುಟ್ಟುವ ಅಮೋನಿಯವನ್ನು ಕಡಲು ತೊಳೆದುಕೊಂಡು ಹೋಗುತ್ತದೆ. ಕೆರೆಯ ಪೈಲಾಕ್ಕೆ ಈ ಸ್ವಾತಂತ್ರ್ಯವಿಲ್ಲ. ದಿನಗೂಲಿಯಿಂದ ದಿನವನ್ನು ಕಳೆಯುವ ಮನೆಗೂ ಹಗೇವು ತುಂಬಿಸಿಟ್ಟುಕೊಂಡ ಮನೆಗೂ ಇರುವ ಭೇದವನ್ನು ಇಲ್ಲಿ ಕಾಣಬಹುದು.

ತಟ್ಟನೆ ತಪ್ಪಿಸಿಕೊಳ್ಳಬೇಕಾದಾಗ ಶಿರಪಾದಿ ಮೊದಲು ಅರ್ಜಿನಿನ್ ಫಾಸ್ಫೇಟಿನ ಸಂಚಿಗೆ ಕೈಹಾಕುತ್ತದೆ. ಸಂಚಿ ಬರಿದಾದಂತೆ ಅರ್ಜಿನಿನ್ ಉಳಿಯುತ್ತದೆ. ಅದೇ ವೇಳೆಗೆ ಶರ್ಕರ ಒಡೆದು ಪೈರೂವಿಕ್ ಆಮ್ಲವಾಗಿರುತ್ತದೆ. ಇವೆರಡೂ ಕೂಡಿ ಆಕ್ಟೊಪೀನ್ ಎಂಬ ವಸ್ತುವಾಗುತ್ತವೆ. ಇದನ್ನು 1927ರಲ್ಲಿ ಜಪಾನಿನ ಮೊರಿಜಾವಾ ಅಷ್ಟಪದಿಯ ಸ್ನಾಯುವಿನಿಂದ ಬೇರ್ಪಡಿಸಿದನು. ನಮ್ಮ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವ ಕೆಲಸವನ್ನು ಅಲ್ಲಿ ಆಕ್ಟೊಪೀನ್ ಮಾಡುತ್ತದೆ; ಉಳಿದ ಅರ್ಜಿನಿನ್ನನ್ನೂ ತನ್ನಲ್ಲಿ ಸೇರಿಸಿಕೊಂಡು ಕೆಲಸಕ್ಕೆ ಅಡ್ಡಿಯಾಗದಂತೆ ಮಾಡುತ್ತದೆ. ವಿಶ್ರಾಂತಿಯ ಕಾಲದಲ್ಲಿ ಅದು ಮತ್ತೆ ಬಿಡಿಸಿಕೊಂಡು ಸಂಚಿ ತುಂಬುತ್ತದೆ.

ಶಿರಪಾದಿಗಳಲ್ಲಿಯೂ ಮಿತವ್ಯಯಿಗಳಿವೆ. ಗ್ರಂಧಿಗೆ ಅಂಗಡಿಯ ಸಮುದ್ರಫೇನ, ಬೊಂಡಾಸಿನ ನೆಂಟನಾದ ಇನ್ನೊಂದು ಶಿರಪಾದಿಯ ಬೆನ್ನೊಳಗಿನ ಚಿಪ್ಪು. ಅದನ್ನು ಮುರಿದು ನೋಡಿದರೆ ತೆಳುವಾದ ಪದರಗಳೂ ಅವುಗಳ ನಡುವೆ ಸಣ್ಣ ಕೋಣೆಗಳೂ ಕಾಣುತ್ತವೆ. ಆ ಕೋಣೆಗಳಲ್ಲಿನ ದ್ರವವನ್ನು ಹೊರಕ್ಕೆಳೆದು ಅನಿಲಕ್ಕೆ ಎಡೆಮಾಡಿದಂತೆ ಪ್ರಾಣಿ ಹಗುರವಾಗುತ್ತದೆ. ಹೀಗೆ ಅದು ಈಜದೆಯೇ ಬೇಕಾದ ಆಳದಲ್ಲಿ ನಿಲ್ಲಬಲ್ಲುದು. ಶಕ್ತಿಯನ್ನು ಕೂಡಿಡುವಷ್ಟೇ ವೆಚ್ಚ ಮಾಡದಿರುವುದೂ ಸಂಪಾದನೆಯೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

8. ಕೊನೆಯ ವೆಚ್ಚ: ಸಂತಾನ

ಕೂಡಿಟ್ಟದ್ದೆಲ್ಲ ತನಗಾಗಿ ಮಾತ್ರವಲ್ಲ. ಮರುವಾಯಿ ಮೊದಲಾದ ದ್ವಿಪುಟಿಗಳಲ್ಲಿ ಮೇವು ಹೇರಳವಾದಾಗ ಗ್ಲೈಕೊಜೆನ್ ತುಂಬಿ ಮಾಂಸ ಪುಷ್ಟವಾಗುತ್ತದೆ. ಸಂತಾನಕಾಲದಲ್ಲಿ ಅದು ಮೊಟ್ಟೆಗಳ ಕೊಬ್ಬಾಗಿ ಮಾರ್ಪಟ್ಟು ಹೊರಟುಹೋಗಿ ಮಾಂಸ ಸೊರಗುತ್ತದೆ. ತಾಯಿ ಗ್ಲೈಕೊಜೆನ್ನಿನಲ್ಲಿ ಇಟ್ಟ ಧನವನ್ನು ಮಕ್ಕಳಿಗೆ ಕೊಬ್ಬಿನ ರೂಪದಲ್ಲಿ ಕೊಡುವುದು ಸಕಾರಣ: ಮರಿ ನೀರಿನಲ್ಲಿ ತೇಲಬೇಕಾದ ಪುಟ್ಟ ಜೀವಿ, ಅದಕ್ಕೆ ಆಮ್ಲಜನಕದ ಕೊರತೆಯಿಲ್ಲ, ಹೊರೆಯ ಚಿಂತೆಯುಂಟು. ಬಸವನಹುಳುಗಳು ಮೊಟ್ಟೆಗೆ ಗ್ಯಾಲಕ್ಟೊಜೆನ್ ಎಂಬ ಬೇರೊಂದು ಶರ್ಕರಪಿಷ್ಟವನ್ನು ಬುತ್ತಿಯಾಗಿ ಕಟ್ಟುತ್ತವೆ. ಮಳೆಗಾಲದಲ್ಲಿ ಕೆರೆಯಂಚಿನ ಒದ್ದೆ ಮಣ್ಣಿನಲ್ಲಿ ಕಾಣುವ ಪೈಲಾದ ಬಿಳಿಯ ಮೊಟ್ಟೆಗಳ ಗೊಂಚಲಿನಲ್ಲಿರುವುದು ಈ ಬುತ್ತಿ.

ಅಷ್ಟಪದಿಯ ಕಥೆ ಕರುಣಾಜನಕವಾದುದು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಬೇಟೆಯನ್ನು ಬಿಟ್ಟು ಅವುಗಳ ಕಾವಲಿಗೆ ಕೂರುತ್ತದೆ. ಉಗ್ರಾಣವಿಲ್ಲದ ಪ್ರಾಣಿಯಾದ್ದರಿಂದ ಆಗ ಅದು ಉರಿಸುವುದು ತನ್ನ ಸ್ನಾಯುವನ್ನೇ. ಮರಿಗಳು ಹೊರಬರುವ ವೇಳೆಗೆ ತಾಯಿ ಸವೆದು ಸಾಯುತ್ತದೆ. 1977ರಲ್ಲಿ ವೊಡಿನ್ಸ್‌ಕಿ ಎಂಬ ವಿದ್ವಾಂಸರು ಕಾವಲು ಕೂತ ಅಷ್ಟಪದಿಗಳ ಕಣ್ಣಿನ ಬಳಿಯ ಗ್ರಂಥಿಗಳನ್ನು ತೆಗೆದಾಗ ಅವು ಮೊಟ್ಟೆಗಳನ್ನು ತೊರೆದು ಮತ್ತೆ ಉಣ್ಣತೊಡಗಿ ಹೆಚ್ಚುಕಾಲ ಬದುಕಿದವು. ಆ ಉಪವಾಸವೂ ದೇಹದ ಆಜ್ಞೆಯಿಂದಲೇ ನಡೆಯುವ ವ್ರತವೆಂಬುದು ಇದರಿಂದ ಸಿದ್ಧವಾಯಿತು.

9. ಇತಿಹಾಸಕಾರರಿಗೂ ಊರಿನವರಿಗೂ

ಈ ವಿಷಯದಿಂದ ನಮಗೆ ಎರಡು ಪಾಠಗಳು ದೊರೆತಿವೆ. ಮೊದಲನೆಯದು ನಮ್ಮ ವೃತ್ತಿಗೆ ಸೇರಿದ್ದು. ಪದರವೊಂದರಲ್ಲಿ ಚಿಪ್ಪುಗಳು ಕಂಡರೆ ಆ ಮಟ್ಟದಲ್ಲಿ ಹಿಂದೆ ನೀರು ನಿಂತಿತ್ತೆಂದು ಕೂಡಲೆ ನಿರ್ಣಯಿಸಬಾರದು. ಪೈಲಾ ತಾನಾಗಿ ಕೆಳಕ್ಕೆ ಕೊರೆದು ಮಲಗುವ ಪ್ರಾಣಿ. ಇಂದಿನ ಹುಳು ಹಿಂದಿನ ಕಾಲದ ಹೂಳಿನಲ್ಲಿ ಸಿಕ್ಕಬಹುದು. ಮುಚ್ಚಳ ಬಾಯಿಗೆ ಕೂಡಿಕೊಂಡೇ ಇದೆಯೆ, ಎರಡು ಕದಗಳು ಜೋಡಿಯಾಗಿಯೇ ಇವೆಯೆ ಎಂಬುದನ್ನು ಗಮನಿಸಿ ಬರೆದುಕೊಂಡರೆ, ಅಲ್ಲೇ ಹುದುಗಿ ಮಲಗಿದ ಜೀವಿಗೂ ನೀರು ತಂದು ಹಾಕಿದ ಬರಿಯ ಚಿಪ್ಪಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ. ನಮ್ಮ ನಕ್ಷೆಯಲ್ಲಿ ಈ ಎರಡೂ ಅಂಶಗಳು ಇರಲಿಲ್ಲ. ಅದನ್ನು ಹರಿದುಹಾಕದೆ, ತಿದ್ದುಪಡಿಯೊಡನೆ ವಿಭಾಗದಲ್ಲಿ ಇರಿಸಿದ್ದೇವೆ.

ಎರಡನೆಯದು ಕೆರೆಗಳಿಗೆ ಸೇರಿದ್ದು. ಹೂಳೆತ್ತುವುದು ಅವಶ್ಯಕವಾದ ಕಾರ್ಯ. ಕೆರೆಯ ಜೀರ್ಣೋದ್ಧಾರವನ್ನು ನಮ್ಮ ಶಾಸನಗಳು ಕೆರೆಯನ್ನು ಕಟ್ಟಿಸಿದಷ್ಟೇ ಪುಣ್ಯವೆಂದು ಕೊಂಡಾಡುತ್ತವೆ. ಆದರೆ ಹಿಂದೆ ಗುದ್ದಲಿ ಬುಟ್ಟಿಗಳಿಂದ ಭಾಗ ಭಾಗವಾಗಿ ನಡೆಯುತ್ತಿದ್ದ ಕೆಲಸವು ಈಗ ಯಂತ್ರಗಳಿಂದ ಕೆಲವೇ ದಿನಗಳಲ್ಲಿ ಕೆರೆಯಂಗಳವನ್ನೆಲ್ಲ ಕೆರೆದು ಮುಗಿಸುತ್ತದೆ. ಬೇಸಗೆಯ ಆ ದಿನಗಳಲ್ಲಿ ಹೂಳಿನ ಮೇಲುಪದರದಲ್ಲಿ ಮುಂದಿನ ಮಳೆಗಾಲದ ಜೀವರಾಶಿಯ ಬೀಜವೇ ಮಲಗಿರುತ್ತದೆ. ಕಪ್ಪೆಚಿಪ್ಪು ನೀರನ್ನು ಸೋಸಿ ತಿಳಿಗೊಳಿಸುವ ಪ್ರಾಣಿ. ಅದರ ಮರಿಗಳು ಕೆಲಕಾಲ ಮೀನಿನ ಮೈಗೆ ಅಂಟಿಕೊಂಡು ಬೆಳೆಯಬೇಕಾಗಿರುವುದರಿಂದ, ಒಮ್ಮೆ ನಿರ್ಮೂಲವಾದರೆ ಬೇರೆ ಕೆರೆಯಿಂದ ಮೀನಿನೊಡನೆ ಬಂದಲ್ಲದೆ ಮತ್ತೆ ನೆಲಸಲಾರದು. ಕೆರೆಯಂಗಳದ ಒಂದು ಮೂಲೆಯನ್ನು, ತೂಬಿನ ಬಳಿಯ ತಗ್ಗನ್ನಾದರೂ, ಒಂದು ವರ್ಷ ಮುಟ್ಟದೆ ಬಿಟ್ಟು ಮಾರನೆಯ ವರ್ಷ ಅಗೆದರೆ ಹೂಳೂ ಹೋಗುತ್ತದೆ, ಬೀಜವೂ ಉಳಿಯುತ್ತದೆ. ಬೇಸಗೆಗೆಂದು ಕಾವಲನ್ನು ಮೀಸಲಿಟ್ಟ ನಾಡಿಗೆ ಈ ಕ್ರಮ ಹೊಸದೇನೂ ಅಲ್ಲ.

ಬೋಗುಣಿಯಲ್ಲಿ ಎಚ್ಚೆತ್ತ ಎರಡು ಹುಳುಗಳನ್ನು ವಿದ್ಯಾರ್ಥಿಗಳು ಅದೇ ಕೆರೆಯ ಕೋಡಿಯ ಕೆಳಗೆ, ಸ್ವಲ್ಪ ನೀರು ಉಳಿದಿದ್ದ ಮಡುವಿನಲ್ಲಿ ಬಿಟ್ಟು ಬಂದರು. ಮೂರನೆಯದು ಎಚ್ಚರಗೊಳ್ಳಲಿಲ್ಲ. ಅದರ ಹಗೇವು ಬರಿದಾಗಿತ್ತೋ, ಯಂತ್ರದ ಪೆಟ್ಟಿಗೆ ಸಿಕ್ಕಿತ್ತೋ ನಿರ್ಣಯಿಸಲಾಗದು. ಅದರ ಚಿಪ್ಪು ಮುಚ್ಚಳದೊಡನೆ ನ‌ಮ್ಮ ವಿಭಾಗದ ಕಪಾಟಿನಲ್ಲಿದೆ. ಅದರ ಚೀಟಿಯ ಮೇಲೆ ಸ್ಥಳವನ್ನೂ ಆಳವನ್ನೂ ಬರೆದು, 'ನೀರಿನಲ್ಲಿಟ್ಟು ಪರೀಕ್ಷಿಸಿದೆ' ಎಂಬ ಒಂದು ಸಾಲನ್ನು ಸೇರಿಸಿದ್ದೇವೆ. ಇನ್ನು ಮುಂದೆ ಕೆರೆಯಂಗಳದಿಂದ ತರುವ ಪ್ರತಿಯೊಂದು ಚಿಪ್ಪಿನ ಚೀಟಿಯಲ್ಲಿಯೂ ಆ ಸಾಲು ಇರಬೇಕೆಂದು ವಿದ್ಯಾರ್ಥಿಗಳಿಗೆ ವಿಧಿಸಿದ್ದೇವೆ.